ಸೋತವರ ಸುಗ್ರೀವಾಜ್ಞೆ

ಹಿಂದಿಯವರು 'ಅಧ್ಯಾದೇಶ' ಎಂದು ಕರೆಯುವುದನ್ನು ನಾವು ಕನ್ನಡಿಗರು 'ಸುಗ್ರೀವಾಜ್ಞೆ' ಎನ್ನುತ್ತೇವೆ. ಅವರ ಶಬ್ದಕ್ಕೆ ಕಚೇರಿಯ ಕಡತದ ವಾಸನೆಯಿದೆ; ನಮ್ಮದು ಕಿಷ್ಕಿಂಧೆಯಿಂದ ಬಂದದ್ದು. ಒಂದು ತಿಂಗಳೊಳಗೆ ಸೀತೆಯ ಸುಳಿವು ತಾರದೆ ಮರಳಿದವರಿಗೆ ಮರಣವೇ ಗತಿ ಎಂದು ವಾನರರಾಜನು ವಿಧಿಸಿದಾಗ ಅದಕ್ಕೆ ಚರ್ಚೆಯಿರಲಿಲ್ಲ, ಮೇಲ್ಮನವಿಯೂ ಇರಲಿಲ್ಲ. ಸದನಗಳು ಸೇರದಿರುವ ಕಾಲದಲ್ಲಿ ರಾಷ್ಟ್ರಪತಿಗಳೂ ರಾಜ್ಯಪಾಲರೂ ಮಂತ್ರಿಮಂಡಲದ ಸಲಹೆಯಂತೆ ಹೊರಡಿಸುವ ಶಾಸನಕ್ಕೆ ಈ ಹೆಸರನ್ನು ಇಟ್ಟ ಕನ್ನಡ ಬುದ್ಧಿಗೆ ಅಧಿಕಾರದ ಸ್ವಭಾವ ಚೆನ್ನಾಗಿ ಗೊತ್ತಿತ್ತೆಂದೇ ನನ್ನ ಭಾವನೆ. ಸೀತೆಯ ತಂದೆಯ ಹೆಸರು ಹೊತ್ತ ಜನಕಪುರಿಯಲ್ಲಿ ಕುಳಿತು ಈ ಶಬ್ದವನ್ನು ಕುರಿತು ಬರೆಯುವ ಪ್ರಸಂಗ ಬಂದದ್ದು ಬರಿಯ ಕಾಕತಾಳೀಯ. ಆದರೆ ಜನಕಪುರಿಯ ಕನ್ನಡಿಗನು ಎರಡು ಸುಗ್ರೀವಾಜ್ಞೆಗಳ ನಡುವೆ ಸಿಕ್ಕಿಕೊಂಡಿದ್ದಾನೆ ಎಂಬುದು ಕಾಕತಾಳೀಯವಲ್ಲ. ಒಂದನ್ನು ಅವನ ತವರು ರಾಜ್ಯ ಹೊರಡಿಸಿತು. ಇನ್ನೊಂದನ್ನು ಅವನು ಮತ ಹಾಕುವ ಊರಿನ ಮೇಲೆ ಕೇಂದ್ರ ಸರ್ಕಾರ ಹೊರಡಿಸಿತು. ಇವೆರಡನ್ನೂ ಒಂದೇ ಕೋಲಿನಿಂದ ಅಳೆಯಲು ನಾವು ಸಿದ್ಧರಿದ್ದೇವೆಯೆ ಎಂಬುದು ಈ ಲೇಖನದ ಪ್ರಶ್ನೆ.

ಎರಡನೆಯದರಿಂದ ತೊಡಗೋಣ, ಅದರ ನೆನಪು ಇನ್ನೂ ಹಸಿಯಾಗಿದೆ. 2023ರ ಮೇ 11ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಒಮ್ಮತದಿಂದ ಒಂದು ತೀರ್ಪು ನೀಡಿತು. ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ ಮತ್ತು ಭೂಮಿ, ಈ ಮೂರನ್ನು ಬಿಟ್ಟು ದೆಹಲಿಯ ಆಡಳಿತದ ಅಧಿಕಾರಿಗಳ ಮೇಲಿನ ಹತೋಟಿ ಚುನಾಯಿತ ಸರ್ಕಾರಕ್ಕೆ ಸೇರಿದ್ದು ಎಂಬುದು ಅದರ ಸಾರ. 2015ರ ಮೇ 21ರಂದು ಗೃಹ ಸಚಿವಾಲಯದ ಒಂದು ಅಧಿಸೂಚನೆಯಿಂದ ಆರಂಭವಾದ ವ್ಯಾಜ್ಯ ಉಚ್ಚ ನ್ಯಾಯಾಲಯ, ಐವರ ಪೀಠ, ಇಬ್ಬರ ಪೀಠ, ಮತ್ತೆ ಐವರ ಪೀಠ ಎಂದು ಎಂಟು ವರ್ಷ ಅಲೆದು ಅಲ್ಲಿಗೆ ತಲುಪಿತ್ತು. ಎಂಟು ವರ್ಷಗಳ ಈ ಫಲ ಬಾಳಿದ್ದು ಎಂಟೇ ದಿನ. ಮೇ 19ರ ಶುಕ್ರವಾರ ರಾತ್ರಿ ಕೇಂದ್ರ ಸರ್ಕಾರವು ಸುಗ್ರೀವಾಜ್ಞೆ ಹೊರಡಿಸಿ ಆ ಹತೋಟಿಯನ್ನು ಹಿಂದಕ್ಕೆ ಪಡೆಯಿತು. ಮುಖ್ಯಮಂತ್ರಿ, ಮುಖ್ಯ ಕಾರ್ಯದರ್ಶಿ ಮತ್ತು ಗೃಹ ಇಲಾಖೆಯ ಪ್ರಧಾನ ಕಾರ್ಯದರ್ಶಿ, ಈ ಮೂವರ ಒಂದು ಪ್ರಾಧಿಕಾರವನ್ನು ಅದು ರಚಿಸಿತು. ತೀರ್ಮಾನ ಬಹುಮತದಿಂದ, ಭಿನ್ನಾಭಿಪ್ರಾಯ ಬಂದರೆ ಕೊನೆಯ ಮಾತು ಉಪರಾಜ್ಯಪಾಲರದು. ಲಕ್ಷಾಂತರ ಮತದಾರರು ಆರಿಸಿದ ಮುಖ್ಯಮಂತ್ರಿಯನ್ನು ಇಬ್ಬರು ಅಧಿಕಾರಿಗಳು ಕೈಯೆತ್ತಿ ಸೋಲಿಸಬಹುದಾದ ಏರ್ಪಾಡು ಅದು. ಸರ್ವೋಚ್ಚ ನ್ಯಾಯಾಲಯದ ಬೇಸಿಗೆ ರಜೆ ಅದೇ ವಾರಾಂತ್ಯಕ್ಕೆ ಆರಂಭವಾಗುವುದಿತ್ತು.

ಜನಕಪುರಿಯ ಕನ್ನಡಿಗರ ನಡುವೆ ಆಗ ನಡೆದ ಮಾತುಕತೆ ನನಗೆ ನೆನಪಿದೆ. ಅಂದಿನ ದೆಹಲಿ ಸರ್ಕಾರವನ್ನು ಮೆಚ್ಚುತ್ತಿದ್ದವರು 'ನ್ಯಾಯಾಲಯಕ್ಕೆ ಬೆಲೆಯೇ ಇಲ್ಲವೆ?' ಎಂದು ಕೆರಳಿದರು. ಮೆಚ್ಚದವರು 'ಸಂಸತ್ತು ದೊಡ್ಡದು, ನ್ಯಾಯಾಧೀಶರನ್ನು ಯಾರು ಆರಿಸಿದರು?' ಎಂದು ನಕ್ಕರು. ಎರಡು ಕಡೆಯ ಹಿರಿಯರಲ್ಲಿಯೂ ಬಹಳ ಮಂದಿ ಮೂವತ್ತೆರಡು ವರ್ಷಗಳ ಹಿಂದೆ ಇನ್ನೊಂದು ಸುಗ್ರೀವಾಜ್ಞೆಗೆ ಒಟ್ಟಾಗಿ ಚಪ್ಪಾಳೆ ತಟ್ಟಿದ್ದರು. ತಟ್ಟಿದವರಲ್ಲಿ ನಾನೂ ಒಬ್ಬ.

1991ರ ಬೇಸಿಗೆಯನ್ನು ಜ್ಞಾಪಿಸಿಕೊಳ್ಳಬೇಕು. ಕಾವೇರಿ ಜಲವಿವಾದ ನ್ಯಾಯಮಂಡಳಿ ರಚನೆಯಾದದ್ದು 1990ರ ಜೂನ್ 2ರಂದು. ಮಧ್ಯಂತರ ಪರಿಹಾರ ನೀಡುವ ಅಧಿಕಾರ ತನಗಿಲ್ಲವೆಂದು 1991ರ ಜನವರಿಯಲ್ಲಿ ಹೇಳಿದ ಅದೇ ಮಂಡಳಿಗೆ, ಏಪ್ರಿಲ್ 26ರಂದು ಸರ್ವೋಚ್ಚ ನ್ಯಾಯಾಲಯವು ಆ ಅಧಿಕಾರವಿದೆಯೆಂದು ತಿಳಿಸಿತು. ಜೂನ್ 25ರಂದು ಮಂಡಳಿಯ ಮಧ್ಯಂತರ ಆದೇಶ ಹೊರಬಿತ್ತು. ವರ್ಷಕ್ಕೆ 205 ಟಿಎಂಸಿ ನೀರು ಮೆಟ್ಟೂರಿಗೆ ತಲುಪುವಂತೆ ಕರ್ನಾಟಕ ನೋಡಿಕೊಳ್ಳಬೇಕು, ನೀರಾವರಿಯನ್ನು 11.2 ಲಕ್ಷ ಎಕರೆಗಿಂತ ಮುಂದೆ ವಿಸ್ತರಿಸಬಾರದು. ಬರದ ವರ್ಷದಲ್ಲಿ ಕೊರತೆಯನ್ನು ಹಂಚಿಕೊಳ್ಳುವುದು ಹೇಗೆಂಬುದಕ್ಕೆ ಆದೇಶದಲ್ಲಿ ಸರಿಯಾದ ಸೂತ್ರವಿರಲಿಲ್ಲ. ಮಂಡ್ಯ, ಮೈಸೂರು ಸೀಮೆಯ ರೈತರ ಸಂಕಟ ನಿಜವಾದದ್ದು. 1892 ಮತ್ತು 1924ರ ಒಪ್ಪಂದಗಳ ಕಾಲದಿಂದ ಮೇಲ್ದಂಡೆಯ ಮೈಸೂರಿಗೆ ಆದ ಅನ್ಯಾಯದ ನೆನಪೂ ಸುಳ್ಳಲ್ಲ. ಆ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಜುಲೈ 25ರಂದು ಬಂಗಾರಪ್ಪನವರ ಸರ್ಕಾರ 'ಕರ್ನಾಟಕ ಕಾವೇರಿ ಜಲಾನಯನ ಪ್ರದೇಶ ನೀರಾವರಿ ಸಂರಕ್ಷಣಾ ಸುಗ್ರೀವಾಜ್ಞೆ'ಯನ್ನು ಹೊರಡಿಸಿತು. ಯಾವುದೇ ನ್ಯಾಯಾಲಯದ ಅಥವಾ ನ್ಯಾಯಮಂಡಳಿಯ ಆದೇಶ ಏನೇ ಇರಲಿ, ಅಂತಿಮ ತೀರ್ಪೊಂದನ್ನು ಬಿಟ್ಟು, ತನ್ನ ರೈತರಿಗೆ ಬೇಕೆಂದು ತಾನು ಕಂಡಷ್ಟು ನೀರನ್ನು ರಾಜ್ಯ ಸರ್ಕಾರ ತೆಗೆದುಕೊಳ್ಳಬಹುದು ಎಂಬುದು ಅದರ ತಿರುಳು. ದೆಹಲಿಯ ಕನ್ನಡಿಗರಿಗೆ ಆಗ ಆದ ಆನಂದವನ್ನು ಹೇಗೆ ವರ್ಣಿಸಲಿ! ಕೊನೆಗೂ ಕರ್ನಾಟಕಕ್ಕೆ ಬೆನ್ನುಮೂಳೆ ಬಂತು ಎಂದುಕೊಂಡೆವು. ಬೆಂಗಳೂರಿನಲ್ಲಿಯೂ ದೆಹಲಿಯಲ್ಲಿಯೂ ಒಂದೇ ಪಕ್ಷದ ಆಡಳಿತವಿದ್ದಾಗ ಮುಖ್ಯಮಂತ್ರಿ ಇಷ್ಟು ಧೈರ್ಯ ತೋರಿದ್ದು ಇನ್ನಷ್ಟು ಹಿಗ್ಗು ತಂದಿತ್ತು. ಎರಡೇ ದಿನದಲ್ಲಿ, ಜುಲೈ 27ರಂದು, ರಾಷ್ಟ್ರಪತಿಗಳು ಸಂವಿಧಾನದ 143ನೆಯ ವಿಧಿಯನ್ವಯ ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯ ಕೇಳಿದರು. ಅಷ್ಟರಲ್ಲಿ ಸುಗ್ರೀವಾಜ್ಞೆಯ ಜಾಗದಲ್ಲಿ ವಿಧಾನಮಂಡಲದ ಅಧಿನಿಯಮವೂ ಬಂತು.

ನವೆಂಬರ್ 22ರಂದು ಬಂದ ಅಭಿಪ್ರಾಯವನ್ನು ನಾವು 'ಕರ್ನಾಟಕ ಸೋತಿತು' ಎಂಬ ಎರಡು ಪದಗಳಲ್ಲಿ ಓದಿ ಮುಗಿಸಿದೆವು. ಅದರ ಒಳಗನ್ನು ಓದಲು ನನಗೆ ಎಷ್ಟೋ ವರ್ಷ ಹಿಡಿಯಿತು. ಮುಖ್ಯ ನ್ಯಾಯಮೂರ್ತಿ ರಂಗನಾಥ ಮಿಶ್ರ, ಕೆ.ಎನ್. ಸಿಂಗ್, ಎ.ಎಂ. ಅಹ್ಮದಿ, ಕುಲದೀಪ್ ಸಿಂಗ್, ಪಿ.ಬಿ. ಸಾವಂತ್ ಅವರಿದ್ದ ಪೀಠವು ನೀರು ಯಾರಿಗೆ ಎಷ್ಟು ಎಂಬುದನ್ನು ನಿರ್ಧರಿಸಲೇ ಇಲ್ಲ. ಅದು ನಿರ್ಧರಿಸಿದ್ದು ಬೇರೆ. ಶಾಸಕಾಂಗವು ಒಂದು ತೀರ್ಪಿಗೆ ಆಧಾರವಾದ ಕಾನೂನನ್ನು ಬದಲಿಸಬಹುದು. ಹಾಗೆ ಬದಲಾದ ಕಾನೂನು ಎಲ್ಲರಿಗೂ ಅನ್ವಯಿಸುತ್ತದೆ. ಆದರೆ ಇಬ್ಬರ ನಡುವಿನ ಒಂದು ನಿರ್ದಿಷ್ಟ ವ್ಯಾಜ್ಯದಲ್ಲಿ ಬಂದ ನಿರ್ಣಯವನ್ನು ಮಾತ್ರ ಹೆಕ್ಕಿ ತೆಗೆದು 'ಇದು ನನಗೆ ಅನ್ವಯಿಸದು' ಎಂದು ಶಾಸನ ಬರೆಯುವಂತಿಲ್ಲ. ಹಾಗೆ ಬರೆದರೆ ವ್ಯಾಜ್ಯದ ಒಬ್ಬ ಪಕ್ಷಗಾರನೇ ತನ್ನ ಮೊಕದ್ದಮೆಗೆ ನ್ಯಾಯಾಧೀಶನೂ ಆದಂತಾಯಿತು. ಜೊತೆಗೆ, ಒಂದು ರಾಜ್ಯದ ಶಾಸನ ತನ್ನ ಗಡಿಯಾಚೆ ಹರಿಯುವ ನೀರಿನ ಮೇಲೆ, ಅಲ್ಲಿನ ಜನರ ಹಕ್ಕಿನ ಮೇಲೆ ಕೈಚಾಚುವಂತಿಲ್ಲ.

ಊರಿನ ಪಂಚಾಯಿತಿಕಟ್ಟೆಯ ಭಾಷೆಯಲ್ಲಿ ಹೇಳುವುದಾದರೆ ಇದು ಸುಲಭ. ಆಟದ ನಿಯಮ ಸರಿಯಿಲ್ಲವೆಂದು ಮುಂದಿನ ಆಟಕ್ಕೆ ಎಲ್ಲರೂ ಕೂಡಿ ನಿಯಮ ಬದಲಿಸಬಹುದು. ಸೋತ ಮೇಲೆ ಎದ್ದುನಿಂತು 'ಈ ಆಟ ಲೆಕ್ಕಕ್ಕಿಲ್ಲ' ಎನ್ನುವಂತಿಲ್ಲ.

ಈ ಪ್ರಶ್ನೆ ನಮ್ಮ ದೇಶಕ್ಕಷ್ಟೇ ಸೇರಿದ್ದಲ್ಲ. ನಮ್ಮ ಸಂವಿಧಾನಕರ್ತರು ನ್ಯಾಯಾಂಗದ ಪರಾಮರ್ಶೆಯ ಅಧಿಕಾರಕ್ಕೆ ಕಣ್ಣಿಟ್ಟು ನೋಡಿದ ದೇಶಗಳಲ್ಲಿ ಅಮೆರಿಕ ಮುಖ್ಯವಾದದ್ದು. ಆಶ್ಚರ್ಯವೆಂದರೆ, ಕಾವೇರಿ ಮಧ್ಯಂತರ ಆದೇಶಕ್ಕೆ ಐದು ದಿನ ಮೊದಲು, 1991ರ ಜೂನ್ 20ರಂದು, ಅಲ್ಲಿನ ಸುಪ್ರೀಂ ಕೋರ್ಟ್ ಲ್ಯಾಂಫ್ ಎಂಬ ಪ್ರಕರಣದಲ್ಲಿ ಒಂದು ತೀರ್ಪಿತ್ತಿತು. ಷೇರು ವ್ಯವಹಾರದಲ್ಲಿ ಮೋಸಹೋದವರು ದಾವೆ ಹೂಡಲು ಇರುವ ಕಾಲಮಿತಿಯನ್ನು ಅದು ಬಿಗಿಗೊಳಿಸಿತು. ಅನೇಕರ ದಾವೆಗಳು ಹೊತ್ತು ಮೀರಿದವೆಂದು ವಜಾ ಆದವು. ಜನ ಗೊಣಗಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್, ಹೀಗೆ ವಜಾ ಆಗಿ ಮುಗಿದುಹೋದ ದಾವೆಗಳನ್ನು ಮತ್ತೆ ತೆರೆಯಬೇಕೆಂದು ಶಾಸನ ಮಾಡಿತು. ಉದ್ದೇಶ ಒಳ್ಳೆಯದೇ, ಮೋಸಹೋದವರ ಪರ. ಆದರೂ 1995ರ ಏಪ್ರಿಲ್ 18ರಂದು ಪ್ಲಾಟ್ ವಿರುದ್ಧ ಸ್ಪೆಂಡ್‌ಥ್ರಿಫ್ಟ್ ಫಾರ್ಮ್ ಎಂಬ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಏಳು-ಎರಡರ ಬಹುಮತದಿಂದ ಅದನ್ನು ತಳ್ಳಿಹಾಕಿತು. ವಿಚಾರಣೆಯಲ್ಲಿರುವ ಮೊಕದ್ದಮೆಗಳಿಗೆ ಹೊಸ ಕಾನೂನು ಅನ್ವಯಿಸಲಿ, ಅಡ್ಡಿಯಿಲ್ಲ. ಅಂತಿಮವಾಗಿ ಮುಗಿದ ತೀರ್ಪನ್ನು ಶಾಸಕಾಂಗ ಮತ್ತೆ ಬಿಚ್ಚುವಂತಿಲ್ಲ ಎಂದು ನ್ಯಾಯಮೂರ್ತಿ ಸ್ಕಲಿಯಾ ಬರೆದರು. ಕಾವೇರಿಯ ನೀರಿನಲ್ಲಿ ನಮ್ಮ ನ್ಯಾಯಾಲಯ ಕಂಡ ಗೆರೆ ಇದಕ್ಕೆ ಬಹಳ ದೂರದ್ದಲ್ಲ. ಕಂಡದ್ದು ನಾಲ್ಕು ವರ್ಷ ಮೊದಲು.

ಆ ದೇಶದ್ದೇ ಇನ್ನೊಂದು ಪ್ರಕರಣ ಗೆರೆಯ ಆಚೆಬದಿಯನ್ನು ತೋರಿಸುತ್ತದೆ. ಅಲಬಾಮ ರಾಜ್ಯದ ಟೈರು ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕಿಯಾಗಿದ್ದ ಲಿಲ್ಲಿ ಲೆಡ್‌ಬೆಟರ್ ಎಂಬ ಹೆಣ್ಣುಮಗಳು, ಅದೇ ಕೆಲಸದ ಗಂಡಸರಿಗಿಂತ ತನಗೆ ಕಡಿಮೆ ಸಂಬಳ ಕೊಡಲಾಗುತ್ತಿತ್ತೆಂದು ದಾವೆ ಹೂಡಿದಳು. ಸಂಬಳ ನಿಗದಿಯಾದ 180 ದಿನಗಳೊಳಗೆ ದೂರು ಕೊಡಬೇಕಿತ್ತೆಂದು 2007ರಲ್ಲಿ ಐದು-ನಾಲ್ಕರ ಬಹುಮತದಿಂದ ಆಕೆ ಸೋತಳು. ಕಾಂಗ್ರೆಸ್ ಕಾನೂನನ್ನೇ ತಿದ್ದಿತು. ತಾರತಮ್ಯದ ಪ್ರತಿಯೊಂದು ಸಂಬಳವೂ ಹೊಸ ದೂರಿಗೆ ಕಾರಣವಾಗಬಹುದೆಂದಿತು. 2009ರ ಜನವರಿ 29ರಂದು ಒಬಾಮ ಸಹಿ ಹಾಕಿದ ಆ ಶಾಸನಕ್ಕೆ ಆಕೆಯದೇ ಹೆಸರು. ಅದರಿಂದ ಆಕೆಗೆ ಮಾತ್ರ ಒಂದು ಕಾಸೂ ಬರಲಿಲ್ಲ. ಆಕೆಯ ಮೊಕದ್ದಮೆ ಮುಗಿದಿತ್ತು. ಕಾನೂನು ಬದಲಾಯಿತು, ತೀರ್ಪು ಉಳಿಯಿತು. ಇದರಲ್ಲಿ ಒಂದು ಕ್ರೌರ್ಯವಿದೆ. ಇದೇ ಅದರ ನಿಷ್ಠೆಯೂ ಹೌದು.

ಮರಳಿ ನಮ್ಮ ಸೋಲಿಗೆ. 1991ರಲ್ಲಿ ಕರ್ನಾಟಕ ಸೋತ ಮೊಕದ್ದಮೆ ಆಮೇಲೆ ಬೇರೆ ರಾಜ್ಯಗಳನ್ನು ಅಳೆಯುವ ಕೋಲಾಯಿತು. ಮುಲ್ಲಪೆರಿಯಾರ್ ಅಣೆಕಟ್ಟಿನ ನೀರನ್ನು 142 ಅಡಿಗೆ ಏರಿಸಬಹುದೆಂದು 2006ರ ಫೆಬ್ರುವರಿಯಲ್ಲಿ ತೀರ್ಪಾದಾಗ, ಕೇರಳ ಕೆಲವೇ ವಾರಗಳಲ್ಲಿ ಅದನ್ನು 136 ಅಡಿಗೆ ನಿಲ್ಲಿಸುವ ಶಾಸನ ಮಾಡಿತು. 2014ರ ಮೇ 7ರಂದು ಆ ಶಾಸನ ಬಿದ್ದುಹೋಯಿತು. ಪಂಜಾಬು ನೆರೆರಾಜ್ಯಗಳೊಡನೆ ಮಾಡಿಕೊಂಡ ನದಿನೀರಿನ ಒಪ್ಪಂದಗಳನ್ನು 2004ರಲ್ಲಿ ಏಕಪಕ್ಷೀಯವಾಗಿ ರದ್ದುಮಾಡಿದ ಶಾಸನಕ್ಕೆ 2016ರ ನವೆಂಬರ್ 10ರಂದು ಅದೇ ಗತಿಯಾಯಿತು. ಕೇರಳದವರು ಸೋತಾಗಲೂ ಪಂಜಾಬಿನವರು ಸೋತಾಗಲೂ ನಮ್ಮಲ್ಲಿ ಯಾರೂ ಕಣ್ಣೀರು ಹಾಕಲಿಲ್ಲ. 'ಅದೇ ಸರಿ' ಎಂದೆವು.

ಹಾಗಾದರೆ ನ್ಯಾಯಾಲಯ ಹೇಳಿದ್ದೇ ಕೊನೆಯ ಮಾತೆ? ಅಲ್ಲ. ನ್ಯಾಯಾಧೀಶರು ತಪ್ಪುವುದುಂಟು, ತಡಮಾಡುವುದಂತೂ ನಿತ್ಯದ ಮಾತು. ತೀರ್ಪಿಗೆ ಶಾಸನದ ಮೂಲಕ ಉತ್ತರ ಕೊಡುವ ಸರಿಯಾದ ದಾರಿಯನ್ನು ತೋರಿಸಿಕೊಟ್ಟದ್ದೂ ಕರ್ನಾಟಕವೇ ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಮೀಸಲಾತಿಯಿಂದ ಬಡ್ತಿ ಪಡೆದ ನೌಕರರ ಜ್ಯೇಷ್ಠತೆಯನ್ನು ಕಾಪಾಡುವ ರಾಜ್ಯದ 2002ರ ಅಧಿನಿಯಮವನ್ನು 2017ರ ಫೆಬ್ರುವರಿ 9ರಂದು ಸರ್ವೋಚ್ಚ ನ್ಯಾಯಾಲಯ ಬಿ.ಕೆ. ಪವಿತ್ರ ಪ್ರಕರಣದಲ್ಲಿ ರದ್ದುಪಡಿಸಿತು. ಪರಿಶಿಷ್ಟರ ಪ್ರಾತಿನಿಧ್ಯ ಎಷ್ಟು ಕಡಿಮೆಯಿದೆ, ಆಡಳಿತದ ದಕ್ಷತೆಯ ಮೇಲೆ ಇದರ ಪರಿಣಾಮವೇನು ಎಂಬ ಅಧ್ಯಯನವನ್ನು ಸರ್ಕಾರ ಮಾಡಿಯೇ ಇಲ್ಲ ಎಂಬುದು ಕಾರಣ. ಸರ್ಕಾರ ಆಗ 'ತೀರ್ಪು ಏನೇ ಇರಲಿ' ಎಂದು ಬರೆಯಲಿಲ್ಲ. ಹಿರಿಯ ಅಧಿಕಾರಿ ರತ್ನಪ್ರಭಾ ಅವರ ಸಮಿತಿಯನ್ನು ನೇಮಿಸಿತು. ಇಲಾಖೆ ಇಲಾಖೆಯ ಅಂಕಿಅಂಶ ಕಲೆಹಾಕಿಸಿತು. ನವೆಂಬರಿನಲ್ಲಿ ಎರಡೂ ಸದನಗಳಲ್ಲಿ ಮಸೂದೆಗೆ ಒಪ್ಪಿಗೆ ಪಡೆಯಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಳುಹಿಸಿದರು. 2018ರ ಜೂನ್‌ನಲ್ಲಿ ಅಂಕಿತ ಸಿಕ್ಕಿತು. ಅದನ್ನೂ ಪ್ರಶ್ನಿಸಿದರು. 2019ರ ಮೇ 10ರಂದು ಅದೇ ಸರ್ವೋಚ್ಚ ನ್ಯಾಯಾಲಯ ಹೊಸ ಅಧಿನಿಯಮವನ್ನು ಎತ್ತಿಹಿಡಿಯಿತು. ಇದು ತೀರ್ಪನ್ನು ಮೀರುವುದಲ್ಲ, ತೀರ್ಪು ಎತ್ತಿ ತೋರಿದ ದೋಷವನ್ನು ಸರಿಪಡಿಸುವುದು ಎಂದು ಒಪ್ಪಿತು. ಬಡ್ತಿ ಮೀಸಲಾತಿಯ ಬಗ್ಗೆ ನಮ್ಮ ಓದುಗರಲ್ಲಿ ಎರಡು ಅಭಿಪ್ರಾಯಗಳಿರಬಹುದು. ವಿಧಾನದ ಬಗ್ಗೆ ಎರಡು ಮಾತಿರಬೇಕಾಗಿಲ್ಲ.

ಕಂಬಳದ ಕಥೆಯೂ ಸ್ಥೂಲವಾಗಿ ಇದೇ. 2014ರಲ್ಲಿ ಜಲ್ಲಿಕಟ್ಟು ನಿಷೇಧವಾದ ಬೆನ್ನಿಗೆ ಕರಾವಳಿಯ ಕೋಣಗಳ ಓಟಕ್ಕೂ ತಡೆ ಬಂತು. 2017ರಲ್ಲಿ ಪ್ರಾಣಿಹಿಂಸಾ ತಡೆ ಕಾಯಿದೆಗೆ ಕರ್ನಾಟಕ ತಿದ್ದುಪಡಿ ತಂದಿತು. ಅದು ಊರ್ಜಿತವೆಂದು ಸಂವಿಧಾನ ಪೀಠ ಹೇಳಿದ್ದು 2023ರ ಮೇ 18ರಂದು. ಅಲ್ಲಿಯೂ ಮೊದಲು ಹೊರಟದ್ದು ಸುಗ್ರೀವಾಜ್ಞೆಯೇ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದು ಕಾನೂನಿನ ಆಧಾರವನ್ನು ಬದಲಿಸಿತು, ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ಬಂತು, ಆಮೇಲೆ ಸದನದ ಒರೆಗಲ್ಲಿಗೂ ಹೋಯಿತು. ತಾರೀಖನ್ನು ಮಾತ್ರ ಗಮನಿಸಿ: ಮೇ 18. ದೆಹಲಿಯ ಸುಗ್ರೀವಾಜ್ಞೆ ಹೊರಟದ್ದು ಮಾರನೆಯ ರಾತ್ರಿ.

ಹೀಗಿರುವಾಗ ದೆಹಲಿಯ ಶಾಸನವನ್ನು ಎಲ್ಲಿ ಇಡಬೇಕು? ಕಾವೇರಿಯ ಸಾಲಿನಲ್ಲಿಯೋ ಕಂಬಳದ ಸಾಲಿನಲ್ಲಿಯೋ? ನ್ಯಾಯವಾಗಿ ಮಾತಾಡಬೇಕಾದರೆ ಕೇಂದ್ರದ ವಾದವನ್ನೂ ಕೇಳಬೇಕು. 1991ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ 69ನೆಯ ತಿದ್ದುಪಡಿಯಿಂದ ದೆಹಲಿಗೆ ವಿಧಾನಸಭೆ ಬಂತು. ಅದೇ ತಿದ್ದುಪಡಿ ತಂದ 239ಎಎ ವಿಧಿಯು ದೆಹಲಿಗಾಗಿ ಯಾವ ವಿಷಯದ ಮೇಲಾದರೂ ಶಾಸನ ಮಾಡುವ ಅಧಿಕಾರವನ್ನು ಸಂಸತ್ತಿಗೆ ಉಳಿಸಿಕೊಟ್ಟಿದೆ. 2023ರ ತೀರ್ಪೂ ಇದನ್ನು ಅಲ್ಲಗಳೆಯಲಿಲ್ಲ. ಕರ್ನಾಟಕಕ್ಕೆ 1991ರಲ್ಲಿ ಅಂತರರಾಜ್ಯ ನದಿಯ ಮೇಲೆ ಅಧಿಕಾರವೇ ಇರಲಿಲ್ಲ. ಸಂಸತ್ತಿಗೆ ದೆಹಲಿಯ ಮೇಲೆ ಇದೆ. ಆದ್ದರಿಂದ ಅಧಿಕಾರವ್ಯಾಪ್ತಿಯೊಂದನ್ನೇ ನೋಡಿದರೆ ಕೇಂದ್ರದ ಸ್ಥಾನ ಬಂಗಾರಪ್ಪನವರ ಸರ್ಕಾರಕ್ಕಿಂತ ಗಟ್ಟಿ. ಇದನ್ನು ಒಪ್ಪಿಕೊಂಡೇ ನನ್ನ ಆಕ್ಷೇಪಣೆಯನ್ನು ಹೇಳುತ್ತೇನೆ.

ಅಧಿಕಾರವಿದ್ದದ್ದು ಸಂಸತ್ತಿಗೆ, ಬಳಸಿದ್ದು ಮಂತ್ರಿಮಂಡಲ. ಎಂಟು ವರ್ಷ ಕಾದ ವಿಷಯಕ್ಕೆ ಮಳೆಗಾಲದ ಅಧಿವೇಶನದವರೆಗೆ ಇನ್ನೆರಡು ತಿಂಗಳು ಕಾಯಲಾಗದಂಥ ಯಾವ ಪ್ರಳಯ ಬಂದಿತ್ತು? ತತ್‌ಕ್ಷಣ ಕ್ರಮ ಅನಿವಾರ್ಯವಾದ ಪರಿಸ್ಥಿತಿಗೆಂದು 123ನೆಯ ವಿಧಿ ಇರುವುದೇ ಹೊರತು ಮೊಕದ್ದಮೆ ಸೋತ ಮುಜುಗರಕ್ಕೆಂದು ಅಲ್ಲ. ಸುಗ್ರೀವಾಜ್ಞೆಯ ದುರಭ್ಯಾಸ ಒಂದು ಪಕ್ಷದ ಆಸ್ತಿಯಲ್ಲ. ಬಿಹಾರದಲ್ಲಿ 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆಗಳನ್ನು ಹೊರಡಿಸಿ, ಸದನಕ್ಕೆ ತಾರದೆ ಮತ್ತೆ ಮತ್ತೆ ಜೀವ ಕೊಡುತ್ತಿದ್ದುದನ್ನು ಪುಣೆಯ ಅರ್ಥಶಾಸ್ತ್ರಜ್ಞ ಡಿ.ಸಿ. ವಾಧ್ವಾ ಅವರು ಎಣಿಸಿ ತೋರಿಸಿದ್ದರು. 1986ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಸಂವಿಧಾನಕ್ಕೆ ಮಾಡಿದ ವಂಚನೆ ಎಂದೇ ಬಗೆಯಿತು. ಅಮೆರಿಕದ ಅಧ್ಯಕ್ಷನಿಗೆ ಅಷ್ಟೆಲ್ಲ ಬಲವಿದ್ದರೂ ಸುಗ್ರೀವಾಜ್ಞೆಯಿಲ್ಲ. ಕೊರಿಯಾ ಯುದ್ಧದ ನಡುವೆ, 1952ರ ಏಪ್ರಿಲಿನಲ್ಲಿ, ಮುಷ್ಕರ ತಪ್ಪಿಸಲು ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ಬರಿಯ ಆಜ್ಞೆಯಿಂದ ವಶಪಡಿಸಿಕೊಂಡಾಗ, ಶಾಸನ ಮಾಡುವುದು ಕಾಂಗ್ರೆಸ್ಸಿನ ಕೆಲಸವೆಂದು ಜೂನ್ 2ರಂದು ಸುಪ್ರೀಂ ಕೋರ್ಟ್ ಹೇಳಿತು. ಟ್ರೂಮನ್ ಕಾರ್ಖಾನೆಗಳನ್ನು ಹಿಂತಿರುಗಿಸಿದ.

ಸದನಕ್ಕೆ ಬಂದರೆ ಏನು ಲಾಭ, ಬಹುಮತ ಹೇಗೂ ಇದೆಯಲ್ಲ ಎಂದು ಕೇಳುವವರಿದ್ದಾರೆ. ಲಾಭವಿದೆ. 'ಸೇವೆಗಳ' ಬಗ್ಗೆ ದೆಹಲಿ ವಿಧಾನಸಭೆ ಶಾಸನವನ್ನೇ ಮಾಡುವಂತಿಲ್ಲ ಎಂಬ 3ಎ ಎಂಬ ಕಲಮು ಸುಗ್ರೀವಾಜ್ಞೆಯಲ್ಲಿತ್ತು. ಅದೇ ವಿಷಯ ಮಸೂದೆಯಾಗಿ ಲೋಕಸಭೆಗೆ ಬಂದಾಗ ಆ ಕಲಮು ಕಾಣೆಯಾಗಿತ್ತು. ಬೆಳಕಿಗೆ ತರಬೇಕಾದೀತು ಎಂಬ ಅಂಜಿಕೆಯೂ ಒಂದು ಅಂಕುಶವೇ. ರಾಜ್ಯಸಭೆಯಲ್ಲಿ ಆಗಸ್ಟ್ 7ರಂದು 131ಕ್ಕೆ 102 ಮತಗಳಿಂದ ಅದು ಗೆದ್ದಿತು; ಅಷ್ಟು ಮತಗಳಾದರೂ ಎಣಿಕೆಯಾದವು, ಅಷ್ಟು ಮಾತಾದರೂ ದಾಖಲಾದವು.

ಈಗ ನಲ್ಲಿಯ ಮಾತು. ಜನಕಪುರಿಯಲ್ಲಿ ಮನೆಯಿರುವ ಕನ್ನಡಿಗನು ಹುಟ್ಟಿನಿಂದ ಮೇಲ್ದಂಡೆಯವನಾದರೂ ವಾಸದಿಂದ ಕೆಳದಂಡೆಯವನು ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಮೆಟ್ಟೂರಿಗೆ ಕರ್ನಾಟಕ ಹೇಗೋ ದೆಹಲಿಗೆ ಹರಿಯಾಣ ಹಾಗೆ. ಈ ನಗರ ಕುಡಿಯುವ ಯಮುನೆಯ ನೀರು ಹರಿಯಾಣವನ್ನು ದಾಟಿ, ಬಹುಪಾಲು ಮುನಕ್ ಕಾಲುವೆಯ ಮೂಲಕ, ಇಲ್ಲಿಗೆ ಬರುತ್ತದೆ. 2016ರ ಫೆಬ್ರುವರಿಯಲ್ಲಿ ಜಾಟ್ ಮೀಸಲಾತಿ ಚಳವಳಿಯವರು ಆ ಕಾಲುವೆಯನ್ನು ಹಿಡಿದು ಹಾನಿಗೊಳಿಸಿದಾಗ ದೆಹಲಿಯ ಶಾಲೆಗಳಿಗೆ ರಜೆ ಕೊಡಬೇಕಾಯಿತು, ಸೈನ್ಯ ಹೋಗಿ ಕಾಲುವೆಯನ್ನು ಬಿಡಿಸಬೇಕಾಯಿತು. ಟ್ಯಾಂಕರಿನ ಮುಂದೆ ಬಕೆಟ್ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಮಂಡ್ಯದವರೂ ಇದ್ದರು, ತಂಜಾವೂರಿನವರೂ ಇದ್ದರು. ಅದಕ್ಕೂ ಮೊದಲು, 1996ರ ಫೆಬ್ರುವರಿ 29ರಂದು, ವಜೀರಾಬಾದ್ ಮತ್ತು ಹೈದರ್‌ಪುರದ ಜಲಾಗಾರಗಳು ಹರಿಯಾಣದ ನೀರಿನಿಂದ ಸದಾ ತುಂಬಿರಬೇಕು, ಕುಡಿಯುವ ನೀರಿಗೆ ಮೊದಲ ಮರ್ಯಾದೆ ಎಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತ್ತು. ಆ ಆದೇಶ ಬಂದ ತಿಂಗಳೇ ಹರಿಯಾಣದ ಸರ್ಕಾರ 'ಯಾವ ನ್ಯಾಯಾಲಯದ ಆದೇಶ ಏನೇ ಇರಲಿ, ನಮ್ಮ ರೈತರಿಗೆ ಬೇಕಾದಷ್ಟು ನೀರನ್ನು ನಾವು ತೆಗೆದುಕೊಳ್ಳುತ್ತೇವೆ' ಎಂದು ಸುಗ್ರೀವಾಜ್ಞೆ ಹೊರಡಿಸಿದ್ದರೆ? ಸೋನಿಪತದಲ್ಲಿಯೂ ಪಾಣಿಪತದಲ್ಲಿಯೂ ಅದಕ್ಕೆ ಚಪ್ಪಾಳೆ ಬೀಳುತ್ತಿತ್ತು. ಅಲ್ಲಿನ ರೈತನ ಸಂಕಟವೂ ಸುಳ್ಳಲ್ಲ. ಅಂಥ ಸುಗ್ರೀವಾಜ್ಞೆಗೆ ಅಡ್ಡ ನಿಲ್ಲುವುದು ಯಾವುದು? 1991ರಲ್ಲಿ ನಾವು ಶಪಿಸಿದ ಅಭಿಪ್ರಾಯವೇ.

ಹೊರನಾಡಿನಲ್ಲಿ ನೆಲೆಸಿದವನಿಗೆ ಇದು ಬರಿಯ ನೀರಿನ ಪ್ರಶ್ನೆಯೂ ಅಲ್ಲ. ಮಧ್ಯಂತರ ಆದೇಶ 1991ರ ಡಿಸೆಂಬರ್ 10ರಂದು ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ ಬೆಂಗಳೂರು, ಮೈಸೂರು ಸೀಮೆಗಳಲ್ಲಿ ತಮಿಳರ ಮೇಲೆ ನಡೆದ ಹಲ್ಲೆಗಳಲ್ಲಿ ಜೀವಗಳು ಹೋದವು. ಸಾವಿರಾರು ಜನ ಗುಡಿಸಲು ಬಿಟ್ಟು ಓಡಿದರು. ತಮಿಳುನಾಡಿನಲ್ಲಿ ಕನ್ನಡಿಗರೂ ನೊಂದರು. ಸರ್ಕಾರವೇ ಶಾಸನದ ಭಾಷೆಯಲ್ಲಿ 'ಆದೇಶ ಏನೇ ಇರಲಿ' ಎಂದಮೇಲೆ ಬೀದಿಯವನು ಅದನ್ನು ಕಲ್ಲಿನ ಭಾಷೆಗೆ ತರ್ಜುಮೆ ಮಾಡಿಕೊಂಡದ್ದರಲ್ಲಿ ಏನಾಶ್ಚರ್ಯ? ಬೆಂಗಳೂರಿನ ತಮಿಳ ಬೆಂಗಳೂರಿನಲ್ಲಿ ಏನೋ, ದೆಹಲಿಯಲ್ಲಿ ನಾವು ಅದೇ. ಇಲ್ಲಿನ ಸರ್ಕಾರದ ಒಲವು ನಮ್ಮನ್ನು ಕಾಯುವುದಿಲ್ಲ. ಒಲಿದವರೂ ಮುನಿದವರೂ ಮೀರಲಾಗದ ಒಂದು ಗೆರೆ ಇದ್ದರೆ ಅದು ಕಾಯುತ್ತದೆ.

ಗೆರೆಯೊಳಗೆ ನಿಂತದ್ದರಿಂದ ಕರ್ನಾಟಕಕ್ಕೆ ನಷ್ಟವೇ ಆಯಿತೆ? 2007ರ ಫೆಬ್ರುವರಿ 5ರ ಅಂತಿಮ ತೀರ್ಪಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟದ್ದು 270 ಟಿಎಂಸಿ. ಅದರ ಮೇಲೆ ವಾದಿಸಿ, 2018ರ ಫೆಬ್ರುವರಿ 16ರಂದು ಸರ್ವೋಚ್ಚ ನ್ಯಾಯಾಲಯದಿಂದ ಇನ್ನೂ 14.75 ಟಿಎಂಸಿ ಪಡೆದೆವು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. 205ರಿಂದ ಆರಂಭವಾದ ಬಿಡುಗಡೆಯ ಹೊಣೆ 192ಕ್ಕೆ, ಕೊನೆಗೆ ಬಿಳಿಗುಂಡ್ಲುವಿನಲ್ಲಿ 177.25ಕ್ಕೆ ಇಳಿಯಿತು. ಸುಗ್ರೀವಾಜ್ಞೆಯಿಂದ ಬಂದದ್ದು ಒಂದು ಹನಿಯೂ ಇಲ್ಲ. ಮೂರು ದಶಕಕ್ಕೂ ಮಿಕ್ಕಿ ನಮ್ಮ ರಾಜ್ಯದ ಪರ ವಾದಿಸಿದ ಫಾಲಿ ನಾರಿಮನ್ ಅವರು 2016ರ ಸೆಪ್ಟೆಂಬರ್ ಕೊನೆಯಲ್ಲಿ, ಆದೇಶ ಪಾಲಿಸದಿರುವ ತನಕ ರಾಜ್ಯದ ಪರ ವಾದ ಮುಂದುವರಿಸಲಾರೆ ಎಂದು ನ್ಯಾಯಾಲಯಕ್ಕೆ ತಿಳಿಸಿದಾಗ ನಮ್ಮ ಕೆಲವರು ಅವರನ್ನು ಬೈದರು. ಆ 14.75ರ ಹಿಂದೆ ಅವರ ಶ್ರಮವಿತ್ತು ಎಂಬುದನ್ನು ನೆನೆದವರು ಕಡಿಮೆ. 2024ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡಾಗ ನಮ್ಮ ಸಂಘಸಂಸ್ಥೆಗಳು ಇನ್ನಷ್ಟು ದೊಡ್ಡದಾಗಿ ಶೋಕಿಸಬೇಕಿತ್ತು.

ದೆಹಲಿಯ ಸುಗ್ರೀವಾಜ್ಞೆಯ ಪ್ರಶ್ನೆಯನ್ನು 2023ರ ಜುಲೈ 20ರಂದು ಸಂವಿಧಾನ ಪೀಠಕ್ಕೆ ಒಪ್ಪಿಸಲಾಯಿತು. 2025ರ ಫೆಬ್ರುವರಿಯ ಚುನಾವಣೆಯಲ್ಲಿ ಇಲ್ಲಿನ ಸರ್ಕಾರ ಬದಲಾಯಿತು. ಕೇಂದ್ರದಲ್ಲಿಯೂ ದೆಹಲಿಯಲ್ಲಿಯೂ ಒಂದೇ ಪಕ್ಷ ಬಂದದ್ದರಿಂದ ವಿಷಯದ ಬಿಸಿ ಆರಿತು. ಬಿಸಿಯಾರಿದ ಕಾಲವೇ ವಿಚಾರಕ್ಕೆ ಯೋಗ್ಯವಾದದ್ದು; ನಾಳೆ ಬೇರೆ ಸರ್ಕಾರ ಬಂದರೆ ಚಪ್ಪಾಳೆಯ ಕೈಗಳು ಅದಲುಬದಲಾಗುತ್ತವೆ, ಅಷ್ಟೆ. ನನ್ನದೊಂದು ಸೂಚನೆಯಿದೆ. ನಮ್ಮ ದೆಹಲಿ ಕರ್ನಾಟಕ ಸಂಘದ ಕಟ್ಟಡವೂ ದೆಹಲಿ ತಮಿಳು ಸಂಗಮದ ಕಟ್ಟಡವೂ ಒಂದೇ ರಾಮಕೃಷ್ಣಪುರದಲ್ಲಿವೆ. ಎರಡೂ ಕಡೆಯ ವಕೀಲರನ್ನು ಕರೆದು, 1991ರ ಆ ಅಭಿಪ್ರಾಯವನ್ನು ಎದುರಿಗಿಟ್ಟುಕೊಂಡು, ಒಂದು ಭಾನುವಾರ ಚರ್ಚೆ ನಡೆಸಬಹುದಲ್ಲ? ಬೇಸಿಗೆಯಲ್ಲೇ ಆಗಲಿ, ನಲ್ಲಿ ಒಣಗುವ ಹೊತ್ತಿಗೆ. ಮೇಜಿನ ಮೇಲಿಡುವ ನೀರಿನ ಲೋಟಗಳಂತೂ ಹರಿಯಾಣವನ್ನು ದಾಟಿಯೇ ಬಂದಿರುತ್ತವೆ.